ಬೇಕೆನಿಸಿದ ಹಾಲು

ನನ್ನ ಹೆಂಡತಿ ಆರೋಗ್ಯಮ್ಮ ತೀರಿಹೋದದ್ದು ನನಗಿಂತ ಮೊದಲು ಕೆಳಕೇರಿಯವರಿಗೆ ತಿಳಿಯಿತು. ನಮ್ಮ ಊರಿನಲ್ಲಿ ಸಾವಿನ ಸುದ್ದಿ ಕೆಳಗಿನಿಂದ ಮೇಲಕ್ಕೆ ಬರುವುದೇ ವಾಡಿಕೆ, ಅದರಲ್ಲಿ ವಿಶೇಷವೇನೂ ಇಲ್ಲ. ಆ ಬೆಳಿಗ್ಗೆ ದೇವಾಲಯದ ಮೊದಲ ಗಂಟೆ ಹೊಡೆದು ಮುಗಿದರೂ ಕೆಳಕೇರಿಯ ಲೂರ್ದಮ್ಮನ ಒಲೆಯ ಪಕ್ಕದ ಪಾತ್ರೆಗೆ ಹಾಲು ಬಂದಿರಲಿಲ್ಲ. ಅವಳು ಪಾತ್ರೆಯನ್ನು ಬಗ್ಗಿಸಿ ನೋಡಿದಳು, ಒಳಗೆ ಬೆರಳಾಡಿಸಿ ನೋಡಿದಳು, ಆಮೇಲೆ ಸೆರಗನ್ನು ತಲೆಯ ಮೇಲೆ ಹೊದ್ದು, ನೆರೆಯ ಹೆಂಗಸರನ್ನು ಕರೆದುಕೊಂಡು ಇಳಿಜಾರು ಹತ್ತಿ ಮೇಲುಕೇರಿಗೆ ಬಂದಳು. ಯಾರ ಮನೆಯಲ್ಲಿ ಸಾವಾಗಿದೆ ಎಂದು ಬಾಗಿಲು ಬಾಗಿಲಿಗೂ ಹೋಗಿ ವಿಚಾರಿಸುವುದು ಇಂಥ ಹೊತ್ತಿನಲ್ಲಿ ಕೆಳಕೇರಿಯವರ ಕರ್ತವ್ಯ. ವಿಚಾರಿಸಿದವರ ಮೇಲೆ ಸಿಡುಕುವುದು ಮೇಲುಕೇರಿಯವರ ಕರ್ತವ್ಯ.

ಮೊದಲು ಅವರು ಹೋದದ್ದು ಹೆಂಚಿನ ಕಾರ್ಖಾನೆಯ ಇನ್ನಾಸಪ್ಪನವರ ಮನೆಗೆ. ಅವರು ನಮ್ಮ ದೇವಾಲಯದ ಪಾಲನಾ ಸಮಿತಿಗೆ ಅಧ್ಯಕ್ಷರು. ಜಗಲಿಯ ಮೇಲೆ ಕೂತು ಹಲ್ಲುಜ್ಜುತ್ತಿದ್ದರಂತೆ. “ಎಲ್ಲಾ ಎದ್ದವ್ರಾ ಯಜಮಾನ್ರೇ?” ಎಂದು ಲೂರ್ದಮ್ಮ ಕೇಳಿದಾಗ, “ನಮ್ಮನೇಲಿ ಸಾಯೋದಕ್ಕೆ ಯಾರಿಗೂ ಪುರುಸೊತ್ತಿಲ್ಲ, ಮುಂದಕ್ಕೆ ಹೋಗ್ರಮ್ಮ” ಎಂದರಂತೆ. ನನ್ನ ಪಕ್ಕದ ಮನೆಯ ಫಿಲೋಮಿನಮ್ಮ ಬಾಗಿಲು ಅರ್ಧ ತೆರೆದು, ತನ್ನ ಎದೆ ಮುಟ್ಟಿಕೊಂಡು, “ನಾನಂತೂ ಇದ್ದೀನಿ ಕಣೆ. ನಿಂಗ್ಯಾಕೆ ಅಷ್ಟು ಆತುರ?” ಎಂದದ್ದು ನನಗೇ ಕೇಳಿಸಿತು. ಆಮೇಲೆ ಅವರು ನಮ್ಮ ಮೆಟ್ಟಿಲ ಹತ್ತಿರ ಬಂದು ನಿಂತರು.

ನಾನು ಆಗ ಬಹಳ ಸಂತೋಷದಲ್ಲಿದ್ದೆ. ಯಾವಾಗಲೂ ನನಗಿಂತ ಮೊದಲು ಏಳುವ ಹೆಂಡತಿ ಅವತ್ತು ಇನ್ನೂ ಮಲಗಿದ್ದಳು. ಅವಳ ನಿದ್ದೆ ಕೆಡಿಸಬಾರದೆಂದು ನಾನು ಹೊದಿಕೆಯನ್ನು ಸರಿಯಾಗಿ ಎಳೆದು, ಬಾಗಿಲನ್ನು ಸದ್ದಾಗದಂತೆ ಮುಂದೆಮಾಡಿ, ಬೆಕ್ಕಿನ ಹಾಗೆ ಹೆಜ್ಜೆಯಿಟ್ಟು ಅಡುಗೆಮನೆಗೆ ಹೋಗಿ ನನ್ನ ಕಾಫಿಯನ್ನು ನಾನೇ ಮಾಡಿಕೊಂಡಿದ್ದೆ. ಇಂಥ ಗಂಡ ಎಷ್ಟು ಜನಕ್ಕೆ ಸಿಗುತ್ತಾನೆ ಎಂದು ಅದನ್ನು ಕುಡಿಯುತ್ತ ಕೂತಿದ್ದೆ. “ಉಪದೇಶಿಯೋರೇ, ಅಮ್ಮಾವ್ರು ಎಲ್ಲಿ?” ಎಂದಳು ಲೂರ್ದಮ್ಮ. ಮಕ್ಕಳಿಗೆ ಧರ್ಮೋಪದೇಶ ಕಲಿಸಿ ಕಲಿಸಿ ಮುದುಕನಾದ ನನಗೆ ಊರಿನಲ್ಲಿ ಬೇರೆ ಹೆಸರೇ ಉಳಿದಿಲ್ಲ. “ಮಲಗಿದ್ದಾಳೆ. ಮೆಲ್ಲಗೆ ಮಾತಾಡು” ಎಂದೆ. ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು. “ಒಂದ್ಸಲ ಒಳಗೋಗಿ ನೋಡಿ, ಸ್ವಾಮಿ” ಎಂದಳು. ನಾನು ಒಳಗೆ ಹೋಗಿ ನೋಡಿದೆ.

ನಮ್ಮ ಊರಿಗೆ ಹೊಸದಾಗಿ ಬಂದವರು ತಬ್ಬಿಬ್ಬಾಗುವ ಸಂಗತಿ ಒಂದೇ. ಇಲ್ಲಿ ನಾಲಗೆ ಬೇಕು ಬೇಕು ಎನ್ನುತ್ತಿರುವಾಗ ಯೇಸುಸ್ವಾಮಿಯ ಹೆಸರು ಹೇಳಿ ಕೆಳಗಿಟ್ಟ ತುತ್ತು ಇಟ್ಟಲ್ಲಿಂದ ಹೋಗುತ್ತದೆ; ಹೋಗಿ ಕೆಳಕೇರಿಯಲ್ಲಿ ಯಾರಿಗೆ ಬೇಕಾಗಿದೆಯೋ ಅವರ ಪಾತ್ರೆಯಲ್ಲಿರುತ್ತದೆ. ಬೇಡವಾದದ್ದನ್ನು ಇಟ್ಟರೆ ಹೋಗುವುದಿಲ್ಲ. ಇಟ್ಟಲ್ಲೇ ಇದ್ದು ಇಟ್ಟವನ ಮುಖ ನೋಡುತ್ತದೆ. ಕೊಟ್ಟವರು ಯಾರೆಂದು ಕೆಳಗಿನವರಿಗೆ ತಿಳಿಯುವುದಿಲ್ಲ, ಯಾರಿಗೆ ಸಿಕ್ಕಿತೆಂದು ಮೇಲಿನವರಿಗೆ ತಿಳಿಯುವುದಿಲ್ಲ. ದಿನವೂ ಬರುತ್ತಿದ್ದದ್ದು ನಿಂತಾಗ ಮಾತ್ರ ಕೊಡುತ್ತಿದ್ದ ಕೈ ನಿಂತಿತೆಂದು ಗೊತ್ತಾಗುತ್ತದೆ. ಹಾಗಾದರೆ ಮೇಲಿನಿಂದ ಕೈಯಲ್ಲೇ ಹೊತ್ತುಕೊಂಡು ಹೋಗಿ ಕೊಡಬಾರದೇ ಎಂದು ಹೊಸಬರು ಕೇಳಿಯೇ ಕೇಳುತ್ತಾರೆ. ಕೊಡಬಹುದು, ಯಾರೂ ತಡೆಯುವುದಿಲ್ಲ. ಇಳಿಜಾರಿನ ನಡುವೆ ಒಂದು ಹುಣಸೆಮರವಿದೆ. ಮಿಕ್ಕದ್ದು, ಬೇಡದ್ದು, ಕೊಟ್ಟರೆ ನಮಗೇನೂ ಕಡಿಮೆಯಾಗದ್ದು, ಎಲ್ಲವೂ ಆ ಮರದವರೆಗೆ ಚೆನ್ನಾಗಿರುತ್ತದೆ. ಮರ ದಾಟುವಾಗ ಹಾಲು ಒಡೆಯುತ್ತದೆ, ಅನ್ನ ಹಳಸುತ್ತದೆ. ಅಂಗಡಿಯಿಂದ ಹೊಸದಾಗಿ ತಂದುಕೊಟ್ಟರೂ ಅಷ್ಟೇ, ನಮ್ಮ ದುಡ್ಡಿನಲ್ಲಿ ಅವರೇ ಕೊಂಡರೂ ಅಷ್ಟೇ. ಅದನ್ನೆಲ್ಲ ಅಲ್ಲೇ ಸುರಿದು ಬರುವುದರಿಂದ ಆ ಮರದ ಕಾಗೆಗಳು ನಮ್ಮ ಊರಿನ ಅತ್ಯಂತ ಪುಷ್ಟವಾದ ಪ್ರಜೆಗಳು.

ಇಂಥ ಊರಿನಲ್ಲಿ ಜನ ಎಷ್ಟು ಧರ್ಮಿಷ್ಠರಾಗಿರಬೇಕು! ಆಗಿದ್ದೇವೆ. ಬೆಳಿಗ್ಗೆ ಎದುರಾದವರನ್ನು ಬೇರೆ ಊರುಗಳಲ್ಲಿ “ಕಾಫಿ ಆಯ್ತಾ?” ಎಂದು ಕೇಳಿದರೆ ನಾವು “ಹೋಯ್ತಾ?” ಎಂದು ಕೇಳುತ್ತೇವೆ. “ಹೋಯ್ತು” ಎನ್ನುವುದು ಮರ್ಯಾದಸ್ಥರ ಉತ್ತರ. ಹೋಗದೆ ಉಳಿದದ್ದನ್ನು ಹಿತ್ತಲಿನ ನಾಯಿಗೆ ಹಾಕಿ ಬಂದವರೂ “ಹೋಯ್ತು” ಎಂದೇ ಹೇಳುವುದು, ಅದು ಒಂದು ರೀತಿಯಲ್ಲಿ ನಿಜವೂ ಹೌದು. ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ಉಪವಾಸದ ಕಾಲ ನಮಗೆ ತಪಸ್ಸುಕಾಲ; ಇನ್ನಾಸಪ್ಪನವರು ಪ್ರತಿ ತಪಸ್ಸುಕಾಲದಲ್ಲೂ ಹಾಗಲಕಾಯಿ ಬಿಡುತ್ತಾರೆ. ವೈದ್ಯರು ಸಿಹಿ ತಿನ್ನಬೇಡಿ ಎಂದಂದಿನಿಂದ ಸಕ್ಕರೆಯನ್ನೂ ಯೇಸುಸ್ವಾಮಿಗೆ ಒಪ್ಪಿಸಿದ್ದಾರೆ. ಫಿಲೋಮಿನಮ್ಮ ಶುಕ್ರವಾರಗಳಂದು ಪರನಿಂದೆ ಬಿಡುತ್ತಾಳೆ. ಶನಿವಾರ ಎರಡರಷ್ಟು ಇರುತ್ತದೆ. ಇನ್ನಾಸಪ್ಪನವರ ತಂದೆ ತೀರಿಹೋದಾಗ ಬ್ಯಾಂಡು ಬಾರಿಸಿ ಭಾರಿ ಮೆರವಣಿಗೆ ಮಾಡಿದರು, ಆದರೆ ಆ ಬೆಳಿಗ್ಗೆ ಕೆಳಕೇರಿಯಲ್ಲಿ ಒಂದು ಪಾತ್ರೆಯೂ ಬರಿದಾಗಿರಲಿಲ್ಲ. ಯಾರೂ ವಿಚಾರಿಸಲು ಹತ್ತಿ ಬರಲಿಲ್ಲ. ಸುದ್ದಿಯನ್ನು ಇವರೇ ಆಳು ಕಳಿಸಿ ಕೆಳಗೆ ತಿಳಿಸಬೇಕಾಯಿತು. ಆ ಗಾಯ ಇನ್ನೂ ಮಾಗಿಲ್ಲ.

ಆರೋಗ್ಯಮ್ಮ ಮದುವೆಯಾಗಿ ಬಂದಂದಿನಿಂದ ಹಾಲಿಲ್ಲದ ಕಾಫಿ ಕುಡಿಯುತ್ತಿದ್ದಳು. ತವರಿನಲ್ಲಿ ಅದೇ ರೂಢಿ ಎನ್ನುತ್ತಿದ್ದಳು. ಅವಳ ತವರಿನವರು ಬಂದರೆ ಗಟ್ಟಿ ಹಾಲಿನ ಕಾಫಿಯನ್ನು ಕೇಳಿ ಹಾಕಿಸಿಕೊಂಡು ಕುಡಿಯುತ್ತಿದ್ದರು. ತನ್ನ ಪಾಲಿನ ಹಾಲನ್ನು ಒಂದು ಲೋಟಕ್ಕೆ ಹಾಕಿ ಕಿಟಕಿಯಲ್ಲಿಟ್ಟು, ಮೇಲೆ ತಟ್ಟೆ ಮುಚ್ಚಿ, “ಬೆಕ್ಕಿಗೆ” ಎನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಬೆಕ್ಕಿರಲಿಲ್ಲ. ಊರಿನ ಮಕ್ಕಳಿಗೆಲ್ಲ ತ್ಯಾಗದ ಪಾಠ ಹೇಳಿಕೊಟ್ಟ ಉಪದೇಶಿಗೆ ಇಷ್ಟು ಸಣ್ಣ ವಿಷಯಗಳನ್ನು ಗಮನಿಸಲು ಬಿಡುವೆಲ್ಲಿ!

ಮಣ್ಣಿನ ದಿವಸ ಇನ್ನಾಸಪ್ಪನವರು ಸಮಾಧಿಯ ಬಳಿ ನಿಂತು ಮಾತಾಡಿದರು. ತಮ್ಮ ಕಾರ್ಖಾನೆಯ ಹೆಂಚುಗಳ ಬಾಳಿಕೆಯಿಂದ ಹೊರಟು ಆತ್ಮದ ಬಾಳಿಕೆಗೆ ಬಂದು ಮುಟ್ಟುವಷ್ಟರಲ್ಲಿ ಬಿಸಿಲೇರಿತ್ತು. ಫಿಲೋಮಿನಮ್ಮ ನನ್ನ ಹಿಂದೆ ನಿಂತು ಯಾರಿಗೋ ಹೇಳುತ್ತಿದ್ದಳು: “ಆ ಹಾಲು ಇವಳದೇ ಅಂತ ಏನು ಗ್ಯಾರಂಟಿ? ನಾನೂ ಎಷ್ಟೋ ದಿನ ಇಟ್ಟಿದ್ದೀನಪ್ಪ. ನಂದೂ ಇದ್ದಿರಬಹುದು.” “ನೀವು ಬದುಕಿದ್ದೀರಲ್ಲ ಅಕ್ಕಾ” ಎಂದಿತು ಆ ಇನ್ನೊಂದು ದನಿ. “ಅದಕ್ಕೇನೀಗ?” ಎಂದಳು ಫಿಲೋಮಿನಮ್ಮ. ಹೆಂಡತಿಯ ಮಣ್ಣಿನಲ್ಲಿ ನಗಬಾರದು. ಕೈವಸ್ತ್ರವನ್ನು ಮುಖಕ್ಕೆ ಒತ್ತಿಕೊಂಡೆ; ನನ್ನ ದುಃಖವನ್ನು ನೋಡಿ ಹಲವರಿಗೆ ಕರುಳು ಚುರುಕ್ಕೆಂದಿತಂತೆ.

ಆ ಹಾಲು ಹೋಗುತ್ತಿದ್ದದ್ದು ಲೂರ್ದಮ್ಮನ ಮೊಮ್ಮಗಳಿಗೆ. ಹೆತ್ತವಳು ಹೆರಿಗೆಯಲ್ಲೇ ಹೋಗಿದ್ದಳು. ಬುಟ್ಟಿ ಹೆಣೆಯುವ ಲೂರ್ದಮ್ಮನಿಗೆ ಹಾಲು ಕೊಂಡು ತರುವ ತ್ರಾಣವಿರಲಿಲ್ಲ. ಕೆಳಕೇರಿಯವರು ತಮ್ಮತಮ್ಮಲ್ಲೇ ಕೆಳಗಿಡುವುದುಂಟು, ಅದು ಹೋಗಿಯೂ ಹೋಗುತ್ತದೆ. ಆದರೆ ಇಡುವುದಕ್ಕೆ ಅವರ ಬಳಿ ಇರುವುದು ಗಂಜಿ. ಕೂಸಿನ ಹೊಟ್ಟೆ ಗಂಜಿಯನ್ನು ಹಿಡಿದುಕೊಳ್ಳುತ್ತಿರಲಿಲ್ಲ. ದಿನಕ್ಕೊಂದು ಲೋಟ ಹಾಲು, ಅದರ ಮೇಲೆ ಆ ಕೂಸಿನ ಉಸಿರು ನಡೆಯುತ್ತಿತ್ತು. ಈಗ ಆ ಲೋಟ ಇರಲಿಲ್ಲ; ಲೂರ್ದಮ್ಮ ಬೆಲ್ಲದ ನೀರನ್ನು ಹನಿ ಹನಿಯಾಗಿ ಕುಡಿಸಿ ದಿನ ತಳ್ಳುತ್ತಿದ್ದಳು.

ಮೇಲುಕೇರಿ ಸುಮ್ಮನೆ ಕೂರಲಿಲ್ಲ. ಅಂಥ ಅಪವಾದ ನಮ್ಮ ಮೇಲಿಲ್ಲ. ಪಾಲನಾ ಸಮಿತಿ ತುರ್ತಾಗಿ ಸಭೆ ಸೇರಿ ‘ಕ್ಷೀರ ತ್ಯಾಗ ಸಪ್ತಾಹ’ ನಡೆಸಲು ಒಮ್ಮತದಿಂದ ತೀರ್ಮಾನಿಸಿತು. ದೇವಾಲಯದ ಮುಂದೆ ಬ್ಯಾನರು ಕಟ್ಟಿದರು. ಅದರ ಒಂದು ಮೂಲೆಯಲ್ಲಿ ಯೇಸುಸ್ವಾಮಿ, ಉಳಿದ ಜಾಗದಲ್ಲಿ ಇನ್ನಾಸಪ್ಪನವರು. ಪೂಜೆ ಮುಗಿದ ಮೇಲೆ ಎಲ್ಲರೂ ಒಂದೊಂದು ಲೋಟ ಹಾಲು ತಂದು ಸಂತ ಅಂತೋಣಿಯವರ ಪೀಠದ ಮುಂದೆ ಸಾಲಾಗಿ ಇಟ್ಟು ಕಣ್ಣು ಮುಚ್ಚಿದರು. ಇನ್ನಾಸಪ್ಪನವರಿಗೆ ಹಾಲು ಕುಡಿದರೆ ಹೊಟ್ಟೆಯುಬ್ಬರ. ಅವರ ತಮ್ಮನಿಗೆ ಹಾಲಿನ ವಾಸನೆಯೇ ಆಗದು. ಹಾಲೆಂದರೆ ಪ್ರಾಣ ಬಿಡುವವರು ಇರಲಿಲ್ಲವೇ? ಇದ್ದರು, ಅವರು ಮನೆಯಲ್ಲಿ ತೃಪ್ತಿಯಾಗಿ ಕುಡಿದು ಬಂದಿದ್ದರು. ಫಿಲೋಮಿನಮ್ಮನ ಮೇಲ್ತುಟಿಯಲ್ಲಿ ಕೆನೆ ಇನ್ನೂ ಹತ್ತಿಕೊಂಡಿತ್ತು.

“ಹೋಯ್ತಾ?” ಎಂದು ಇನ್ನಾಸಪ್ಪನವರು ಕಣ್ಣು ಮುಚ್ಚಿಕೊಂಡೇ ಕೇಳಿದರು. “ಹೋಗೋ ಹಾಗೆ ಕಾಣ್ತಿದೆ” ಎಂದ ಅವರ ತಮ್ಮ. “ಇನ್ನೊಂದು ಕೀರ್ತನೆ ಹಾಡಿ, ಹೋಗುತ್ತೆ” ಎಂದರು ಇನ್ನಾಸಪ್ಪನವರು. ಹಾಡಿದೆವು. ಹಾಲು ಹೋಗಲಿಲ್ಲ, ನೊಣಗಳು ಬಂದವು. ಸಂಜೆಯ ಹೊತ್ತಿಗೆ ಎಲ್ಲ ಹುಳಿ ಬಂದಿತ್ತು. ದೇವರಿಗೆ ಒಪ್ಪಿಸಿದ್ದನ್ನು ಚೆಲ್ಲಬಾರದೆಂದು ಫಿಲೋಮಿನಮ್ಮ ಅದಕ್ಕೆ ಶುಂಠಿ, ಕರಿಬೇವು, ಇಂಗಿನ ಒಗ್ಗರಣೆ ಹಾಕಿದಳು. ಸಮಿತಿಯವರು ತಲಾ ಎರಡು ಲೋಟ ಮಜ್ಜಿಗೆ ಕುಡಿದು, ಸಪ್ತಾಹವು ಮೊದಲ ದಿನವೇ ನಿರೀಕ್ಷೆಗೂ ಮೀರಿ ಯಶಸ್ವಿಯಾಯಿತೆಂದು ಠರಾವು ಪಾಸು ಮಾಡಿ, ಫಿಲೋಮಿನಮ್ಮನಿಗೆ ಕೃತಜ್ಞತೆ ಸಲ್ಲಿಸಿದರು.

ನನಗೆ ಇವರನ್ನು ನೋಡಿ ನಗು ಬಂದಿತು. ನಾನು ತೋರಿಸುತ್ತೇನೆ ಎಂದುಕೊಂಡೆ. ಆರೋಗ್ಯಮ್ಮನ ಗಂಡ ನಾನು, ಅವಳ ಲೋಟ, ಅವಳ ಕಿಟಕಿ, ಎಲ್ಲ ನನ್ನ ಕೈಯಲ್ಲೇ ಇದೆ. ಮರುದಿನ ಹಾಲು ಕಾಯಿಸಿ ಲೋಟಕ್ಕೆ ಹಾಕಿ ಕಿಟಕಿಯಲ್ಲಿಟ್ಟು, ತಟ್ಟೆ ಮುಚ್ಚಿ, ಮೊಣಕಾಲೂರಿ ಪ್ರಾರ್ಥಿಸಿದೆ. ತಟ್ಟೆ ತೆಗೆದರೆ ಹಾಲು ಕೆನೆಗಟ್ಟಿ ಕೂತಿತ್ತು. ಬಹುಶಃ ಪ್ರಾರ್ಥನೆ ಚಿಕ್ಕದಾಯಿತೆಂದು ಪೂರ್ತಿ ಜಪಸರ ಹೇಳಿದೆ. ಕೆನೆ ದಪ್ಪವಾಯಿತು, ಅಷ್ಟೇ. ಹೀಗೆಯೇ ಅದರ ಮರುದಿನವೂ, ಅದರ ಮರುದಿನವೂ. ಅನ್ನ ಇಟ್ಟೆ, ಹೋಗಲಿಲ್ಲ. ನನಗೆ ಪ್ರಾಣವಾಗಿದ್ದ ಒಣಮೀನಿನ ಸಾರು ಮಾಡಿಸಿ ಇಟ್ಟೆ, ಅದೂ ನನ್ನ ಮುಖವನ್ನೇ ನೋಡುತ್ತಿತ್ತು. ಹಾಗಲಕಾಯಿಯ ತ್ಯಾಗಕ್ಕೂ ಉಪದೇಶಿಯ ತ್ಯಾಗಕ್ಕೂ ಪರಲೋಕದಲ್ಲಿ ಒಂದೇ ಬೆಲೆ ಎಂದಾಯಿತು.

ಪಾಪನಿವೇದನೆಗೆಂದು ಹೋಗಿ ಫಾದರ್ ಚೌರಪ್ಪನವರ ಮುಂದೆ ಇದನ್ನೇ ದೂರಿಕೊಂಡೆ. ಅವರು ದುಂಡಗಿನ ಮನುಷ್ಯರು, ಊಟದ ವಿಷಯದಲ್ಲಿ ಮುಚ್ಚುಮರೆ ಇಲ್ಲದವರು. “ಉಪದೇಶಿಗಳೇ, ನನ್ನದು ಹೋಗುವುದು ಹುರಿದ ಮೀನು ಮಾತ್ರ. ಅದನ್ನೂ ಎರಡು ಸಲ ಮೂಸಿ ನೋಡಿಯೇ ಕೆಳಗಿಡೋದು. ಹಾಲು ಕಂಡರೆ ನನಗೆ ಚಿಕ್ಕಂದಿನಿಂದ ವಾಕರಿಕೆ. ಆ ಕೂಸಿಗೆ ಮೀನು ತಿನ್ನೋ ವಯಸ್ಸಾಗಿದ್ರೆ ಯೋಚನೇನೇ ಇರಲಿಲ್ಲ” ಎಂದರು. ಆಮೇಲೆ ಸ್ವರ ತಗ್ಗಿಸಿ ಕೇಳಿದರು: “ಈಗ ನಿಮಗೆ ಏನು ಬೇಕು ಅನ್ನಿಸುತ್ತೆ? ತಿನ್ನೋದರಲ್ಲಿ, ಕುಡಿಯೋದರಲ್ಲಿ?”

“ಏನೂ ಬೇಡ ಫಾದರ್. ಅವಳು ಹೋದ ಮೇಲೆ ಬಾಯಿಗಿಟ್ಟದ್ದೆಲ್ಲ ಹೊಟ್ಟು” ಎಂದೆ. ಹೇಳುವಾಗ ಸ್ವಲ್ಪ ಹೆಮ್ಮೆಯೂ ಇತ್ತು. ವೈರಾಗ್ಯವೆಂದರೆ ಇದೇ ಅಲ್ಲವೇ, ಇದಕ್ಕಾಗಿ ಸಂತರು ಗವಿ ಹೊಕ್ಕರಲ್ಲ, ನನಗೆ ಮನೆಯಲ್ಲೇ ದಕ್ಕಿದೆ ಎಂಬ ಹಾಗೆ.

“ಹಾಗಾದರೆ ಕೊಡೋದಕ್ಕೆ ನಿಮ್ಮ ಹತ್ತಿರ ಏನಿದೆ?” ಎಂದರು ಫಾದರ್. “ಬೇಡವಾದದ್ದನ್ನ ಇಟ್ಟು ದೇವರನ್ನ ಯಾಕೆ ಬಯ್ತೀರಿ? ಮನೆಗೆ ಹೋಗಿ, ಚೆನ್ನಾಗಿ ತಿನ್ನಿ. ಆಸೆ ಹುಟ್ಟೋವರೆಗೂ ತಿನ್ನಿ. ನಿಮಗೆ ಇದೇ ಪ್ರಾಯಶ್ಚಿತ್ತ.” ಪಾಪನಿವೇದನೆಯ ಪೀಠದಿಂದ ಇಂಥ ಪ್ರಾಯಶ್ಚಿತ್ತ ಪಡೆದವನು ಈ ಊರಿನಲ್ಲಿ ನಾನೊಬ್ಬನೇ ಇರಬೇಕು. ಇನ್ನಾಸಪ್ಪನವರಿಗೆ ಕೊಟ್ಟಿದ್ದರೆ ಎಷ್ಟು ಭಕ್ತಿಯಿಂದ ನೆರವೇರಿಸುತ್ತಿದ್ದರು!

ನಾನು ತಿನ್ನಲು ಕೂತೆ. ಬೆಳಿಗ್ಗೆ ಹೋಟೆಲಿಗೆ ಹೋಗಿ ಬೆಣ್ಣೆ ಹಾಕಿಸಿ ದೋಸೆ ತಿಂದೆ. ಪೇಟೆಬೀದಿಯಲ್ಲಿ ನಿಂತು ಜಿಲೇಬಿ ತಿಂದೆ. ಗಸಗಸೆ ಪಾಯಸ, ಕೋಳಿ ಸಾರು, ಹಲಸಿನ ಹಣ್ಣಿನ ಕಡುಬು, ಹಾಲುಬಾಯಿ, ಯಾವುದನ್ನೂ ಬಿಡಲಿಲ್ಲ. ಎಲ್ಲ ಹೊಟ್ಟಿನ ರುಚಿಯೇ. ಆದರೂ ಪ್ರಾಯಶ್ಚಿತ್ತ ಪ್ರಾಯಶ್ಚಿತ್ತವೇ ಎಂದು ಕಣ್ಣು ಮುಚ್ಚಿಕೊಂಡು ನುಂಗಿದೆ. ದುಃಖದಲ್ಲಿ ಉಪವಾಸ ಮಾಡುವುದು ಎಷ್ಟು ಸುಲಭವೆಂದು ತಿಂದು ನೋಡಿದವರಿಗೇ ಗೊತ್ತು.

ಊರಿನ ಕಣ್ಣಿಗೆ ಇದು ಬೀಳದೆ ಇರುತ್ತದೆಯೇ? “ಪಾಪ ಆಯಮ್ಮನ ಮಣ್ಣು ಇನ್ನೂ ಒಣಗಿಲ್ಲ, ಈ ಮುದುಕಂಗೆ ನೋಡು ಜಿಲೇಬಿ! ರಸ ಮೊಣಕೈವರೆಗೆ ಸುರೀತಿತ್ತು ಕಣ್ರೇ” ಎಂದು ಫಿಲೋಮಿನಮ್ಮ ಗೋಡೆಯಾಚೆ ಯಾರಿಗೋ ಹೇಳಿದಳು. ಅಂದು ಶುಕ್ರವಾರವಾಗಿತ್ತು, ನನಗಾಗಿ ಅವಳು ತನ್ನ ವ್ರತವನ್ನೇ ಮುರಿದಿದ್ದಳು. ಇನ್ನಾಸಪ್ಪನವರು ಸಮಿತಿಯ ಪರವಾಗಿ ಬುದ್ಧಿ ಹೇಳಲು ಮನೆಗೇ ಬಂದರು. “ಉಪದೇಶಿಗಳೇ, ನೀವು ಸಭೆಗೆ ಹಿರಿಯರು. ಮಕ್ಕಳು ನೋಡ್ತವೆ. ಇದು ತಪಸ್ಸುಕಾಲ ಬೇರೆ. ನಾನೇ ಹಾಗಲಕಾಯಿ ಬಿಟ್ಟಿದ್ದೀನಿ, ನೀವು ಕೋಳಿ ತಿಂತಿದ್ದೀರಂತೆ?” ಎಂದರು. “ಹೌದು, ಪ್ರಾಯಶ್ಚಿತ್ತಕ್ಕೆ” ಎಂದೆ. ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. “ಇನ್ನೊಂದು ಮದುವೆ ಯೋಚನೆ ಏನಾದರೂ...” ಎಂದು ನಿಲ್ಲಿಸಿದರು. “ಇದ್ದರೆ ಮೊದಲು ಸಮಿತಿಗೆ ತಿಳಿಸ್ತೀನಿ” ಎಂದೆ. ಮರುದಿನದಿಂದ ದೇವಾಲಯದಲ್ಲಿ ನಾನು ಕೂತ ಬೆಂಚಿನಲ್ಲಿ ಬೇರೆ ಯಾರೂ ಕೂರಲಿಲ್ಲ. ಕಾಲು ಚಾಚಿಕೊಳ್ಳಲು ಅನುಕೂಲವಾಯಿತು.

ಆ ವಾರವೇ ಒಂದು ಮಧ್ಯಾಹ್ನ ಲೂರ್ದಮ್ಮ ಕೂಸನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದಳು. ಬೇಡಲು ಬಂದವಳಂತಿರಲಿಲ್ಲ. ಮೆಟ್ಟಿಲ ಮೇಲೆ ಕೂತು, ಕೂಸಿನ ತಲೆಯನ್ನು ತೋಳಿಗೆ ಸರಿಸಿಕೊಂಡು, “ಸುಮ್ನೆ ಬಂದೆ ಸ್ವಾಮಿ. ನಿಮ್ಮನ್ನ ಒಂದು ಮಾತು ಕೇಳಾನ ಅಂತ” ಎಂದಳು. “ಇವ್ಳು ನೆನ್ನೆ ಗಂಟ ಅಳ್ತಿದ್ಲು. ಇವತ್ತು ಅಳ್ತಾನೇ ಇಲ್ಲ. ಅಳು ನಿಂತಿದ್ದು ಒಳ್ಳೇದಾ, ಕೆಟ್ಟದ್ದಾ? ನೀವು ಓದ್ದೋರು, ನಿಮಗೆ ಗೊತ್ತಿರ್ತದೆ.”

ನಾನು ಕೂಸನ್ನು ನೋಡಿದೆ. ಕಣ್ಣುಗಳು ಮಾತ್ರ ದೊಡ್ಡವಾಗಿದ್ದವು. ಅವು ನನ್ನನ್ನು ನೋಡುತ್ತಿದ್ದವು, ಆದರೆ ಏನನ್ನೂ ಕೇಳುತ್ತಿರಲಿಲ್ಲ. ನನಗೆ ಓದಿದ್ದೆಲ್ಲ ಮರೆತುಹೋಯಿತು. “ಇಲ್ಲೇ ಕುಡಿಸು, ಇಲ್ಲೇ. ಮರ ದಾಟೋದೇ ಬೇಡ” ಎಂದು ಒಳಗೆ ಓಡಿ ಹಾಲು ಬೆಚ್ಚಗೆ ಮಾಡಿ ತಂದೆ. ಲೂರ್ದಮ್ಮ ಸೊಂಟದಿಂದ ಕೂಸಿಗೆ ಹಾಲುಣಿಸುವ ಒಳಲೆ ತೆಗೆದಳು. ಹಾಲು ಒಳಲೆಯಲ್ಲಿ ಬೆಳ್ಳಗೆ, ನಯವಾಗಿ ಹರಿಯಿತು. ಕೂಸಿನ ತುಟಿಗೆ ತಾಗಿದ್ದೇ ತಡ, ಒಡೆದು ನೀರು ಬೇರೆ ಗಂಟು ಬೇರೆ ಆಯಿತು. ಲೂರ್ದಮ್ಮ ಸೆರಗಿನಿಂದ ಅದರ ಬಾಯಿ ಒರೆಸಿದಳು. ಆ ಹುಣಸೆಮರ ಇಳಿಜಾರಿನಲ್ಲಿದೆ ಎಂದು ನಾನು ಆಯುಷ್ಯವಿಡೀ ತಿಳಿದಿದ್ದೆ. ಅದು ನನ್ನ ಅಂಗಳದಲ್ಲೇ ಇತ್ತು. “ಬುಡಿ ಸ್ವಾಮಿ, ನಿಮ್ಮ ತಪ್ಪಲ್ಲ. ನಿಮಗೆ ಬೇಕು ಅನ್ನಿಸ್ತಿಲ್ಲ, ಇನ್ನೇನು ಮಾಡಾಕಾಯ್ತದೆ? ಅಮ್ಮಾವ್ರು ಹೋದ ಸಂಕಟ ನಿಮಗೆ” ಎಂದು ನನ್ನನ್ನೇ ಸಮಾಧಾನ ಮಾಡಿ ಅವಳು ಎದ್ದು ಹೋದಳು.

ಅವತ್ತು ಸಂಜೆ ಸಮಾಧಿಯ ಬಳಿ ಹೋದಾಗ ನಾನು ಎಂದಿನ ಪ್ರಾರ್ಥನೆ ಹೇಳಲಿಲ್ಲ. ಮಣ್ಣಿನ ದಿನದಿಂದ ನನ್ನದು ಒಂದೇ ಪ್ರಾರ್ಥನೆಯಾಗಿತ್ತು: ಸ್ವಾಮಿ, ನನ್ನನ್ನೂ ಬೇಗ ಕರೆದುಕೊಳ್ಳಿ, ಇವಳ ಪಕ್ಕದಲ್ಲಿ ಜಾಗ ಇದೆ. ಭಕ್ತಿಯ ಪ್ರಾರ್ಥನೆಯೆಂದೇ ನಾನು ಅದನ್ನು ತಿಳಿದಿದ್ದೆ. ಅವತ್ತು ಬಾಯಿ ತೆರೆದರೆ ಆ ಮಾತು ಹೊರಡಲಿಲ್ಲ. ಇಷ್ಟು ದಿನ ಏನೂ ಬೇಡ, ಏನೂ ಬೇಡ ಎಂದು ಎಲ್ಲರಿಗೂ ಹೇಳುತ್ತ ಬಂದ ನಾನು ಒಳಗೇ ಒಂದು ವಸ್ತುವನ್ನು ಇಟ್ಟುಕೊಂಡಿದ್ದೆ. ಸಾವು ನನಗೆ ಬೇಕಾಗಿತ್ತು. ಅದೊಂದಕ್ಕೆ ನನ್ನ ನಾಲಗೆಯಲ್ಲಿ ರುಚಿಯಿತ್ತು. ಆ ರುಚಿಯ ಮುಂದೆ ಉಳಿದದ್ದೆಲ್ಲ ಹೊಟ್ಟಾಗಿತ್ತು. ಆಮೇಲೆ, ಊರಿನವರು ತುತ್ತು ಇಡುವ ಹಾಗೆಯೇ, ಯೇಸುಸ್ವಾಮಿಯ ಹೆಸರು ಹೇಳಿ, ಆ ಆಸೆಯನ್ನು ಅವಳ ಮಣ್ಣಿನ ಮೇಲೆ ಇಟ್ಟೆ. ಇಟ್ಟು ಎದ್ದು ಬಂದೆ. ಅದು ಹೋಯಿತೋ ಇಲ್ಲವೋ ನೋಡಲಿಲ್ಲ. ಅದನ್ನು ತೆಗೆದುಕೊಂಡು ಕೆಳಕೇರಿಯವರು ಏನು ಮಾಡುತ್ತಾರೆ?

ಮರುದಿನ ಬೆಳಿಗ್ಗೆ ಫಿಲೋಮಿನಮ್ಮ ಹಾಲು ಒಲೆಯ ಮೇಲಿಟ್ಟು ಬೀದಿಯಲ್ಲಿ ಯಾರದೋ ಸೊಸೆಯ ವಿಚಾರದಲ್ಲಿ ಮುಳುಗಿಹೋಗಿದ್ದಳು. ಹಾಲು ಉಕ್ಕಿ, ಪಾತ್ರೆಯ ತಳ ಹಿಡಿದು ಸೀದಿತು. ಆ ವಾಸನೆ ಗೋಡೆ ಹತ್ತಿ ನಮ್ಮ ಹಿತ್ತಲಿಗೆ ಇಳಿಯಿತು. ನಾನು ಮುಖ ತೊಳೆಯುತ್ತಿದ್ದೆ. ಇದ್ದಕ್ಕಿದ್ದಂತೆ ನನ್ನ ಬಾಯಲ್ಲಿ ನೀರೂರಿತು. ನನ್ನ ಅವ್ವ ತಳ ಹಿಡಿದ ಹಾಲಿನ ಪಾತ್ರೆಯನ್ನು ನನ್ನ ಮುಂದಿಟ್ಟು, ಚಿಪ್ಪಿನಿಂದ ಕೆರೆದು ತಿನ್ನು ಎನ್ನುತ್ತಿದ್ದಳು. ಕಂದು ಬಣ್ಣದ ಆ ಹಕ್ಕಳೆಗಾಗಿ ಅಣ್ಣತಮ್ಮಂದಿರು ಹೊಡೆದಾಡುತ್ತಿದ್ದೆವು. ಬೆಣ್ಣೆ ದೋಸೆಯಿಂದ ಆಗದ್ದು, ಪಾಯಸದಿಂದ ಆಗದ್ದು, ಫಿಲೋಮಿನಮ್ಮನ ಚಾಡಿಯಿಂದ ಆಯಿತು. ದೇವರು ಯಾರ ಕೈಯಿಂದ ಕೆಲಸ ತೆಗೆಯುತ್ತಾನೆ ಎಂಬುದರಲ್ಲಿ ಅವನಿಗೆ ನಮ್ಮಷ್ಟು ಬಿಗುಮಾನವಿಲ್ಲ.

ನನಗೆ ಹಾಲು ಬೇಕೆನಿಸಿತು. ಎಂಥ ಬೇಕು! ಹೊಟ್ಟೆಯ ಬುಡದಿಂದ ಎದ್ದು ಗಂಟಲಿಗೆ ಬಂದು ಕೂತ ಬೇಕು. ಅಡುಗೆಮನೆಗೆ ಹೋಗಿ ಹಾಲಿಟ್ಟೆ. ಕಾಯುವಷ್ಟು ತಾಳ್ಮೆಯೂ ಇರಲಿಲ್ಲ. ಸಕ್ಕರೆ ಹಾಕಿದೆ, ಬೇಕೆಂದೇ ಸ್ವಲ್ಪ ತಳ ಹಿಡಿಸಿದೆ, ಲೋಟಕ್ಕೆ ಬಗ್ಗಿಸಿದೆ. ಹಬೆ ಮುಖಕ್ಕೆ ಬಂತು. ಆಗ ನಾಚಿಕೆಯಾಯಿತು. ಅವಳು ಮಣ್ಣಿನಡಿ ಮಲಗಿದ್ದಾಳೆ, ನನ್ನ ಬಾಯಲ್ಲಿ ನೀರೂರುತ್ತಿದೆ. ಅವಳಿಲ್ಲದ ಬೆಳಗಿನಲ್ಲಿ ನನಗೆ ಹಸಿವಾಗಿದೆ. ನಾಳೆಯೂ ಆಗುತ್ತದೆ. ಅವಳಿಲ್ಲದೆ ನಾನು ಬದುಕುತ್ತೇನೆ ಎಂದು ನನಗೆ ಆ ಕ್ಷಣದಲ್ಲಿ ಗೊತ್ತಾಯಿತು. ಅವಳ ಸಾವಿಗಿಂತ ಅದನ್ನು ತಿಳಿಯುವುದು ಕಷ್ಟವಾಗಿತ್ತು. ಅಳುತ್ತಲೇ ಲೋಟವನ್ನು ತುಟಿಯವರೆಗೆ ತಂದೆ. ಅಲ್ಲಿಗೆ ತಂದು ನಿಲ್ಲಿಸುವುದೆಂದರೆ ಏನೆಂದು ಎಷ್ಟು ಮಕ್ಕಳಿಗೆ ಪಾಠ ಹೇಳಿದ್ದೆ! ಲೋಟ ನನ್ನ ಕೈಯಿಂದ ಕೆಳಗಿಳಿಯಲು ಒಪ್ಪಲಿಲ್ಲ. ಅದನ್ನು ಕಿಟಕಿಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ತಟ್ಟೆ ಮುಚ್ಚಿ, “ಯೇಸುಸ್ವಾಮಿ, ಆ ಕೂಸಿಗೆ” ಎಂದೆ. ದೊಡ್ಡ ಪ್ರಾರ್ಥನೆ ಹೇಳುತ್ತ ಕೂತರೆ ಕೈ ಮತ್ತೆ ಲೋಟಕ್ಕೇ ಹೋಗುತ್ತಿತ್ತು.

ತಟ್ಟೆ ತೆಗೆಯಲು ಧೈರ್ಯವಾಗಲಿಲ್ಲ. ಹಾಗೆಯೇ ಚಪ್ಪಲಿ ಮೆಟ್ಟಿ ಇಳಿಜಾರಿಗೆ ಬಂದೆ. ಹುಣಸೆಮರದ ಕಾಗೆಗಳು ಕೈಯಲ್ಲಿ ಏನಾದರೂ ಇದೆಯೇ ಎಂದು ನನ್ನನ್ನು ಪರೀಕ್ಷಿಸಿ ಅಸಮಾಧಾನ ತೋರಿದವು. ಲೂರ್ದಮ್ಮನ ಗುಡಿಸಲ ಬಾಗಿಲಿಗೆ ಹೋಗುವ ಮೊದಲೇ ಕೂಸಿನ ಅಳು ಕೇಳಿಸಿತು. ಅದೂ ಅಂತಿಂಥ ಅಳುವಲ್ಲ, ಒಳಲೆಯನ್ನು ಒಂದು ಗಳಿಗೆ ಬಾಯಿಂದ ತೆಗೆದದ್ದಕ್ಕೆ ಸಿಟ್ಟಿನ ಅಳು. “ಇರವ್ವ, ಇರು, ಉಸಿರಾದ್ರೂ ತಗಾ. ಯಾರೂ ಕಿತ್ಕೊಳಾಕಿಲ್ಲ” ಎಂದು ಲೂರ್ದಮ್ಮ ಗದರಿಸುತ್ತಿದ್ದಳು. ನನ್ನನ್ನು ನೋಡಿ, “ಬಂತು ಸ್ವಾಮಿ! ಯಾರೋ ಪುಣ್ಯಾತ್ಮರು, ಬೆಲ್ಲದಂಗೆ ಸಕ್ಕರೆ ಸುರಿದವ್ರೆ. ವಸಿ ಸೀದೋಗದೆ. ಯಾವ ಮೈಮರೆತೋರು ಕಾಯಿಸಿದ್ರೋ!” ಎಂದಳು. “ಯಾರೋ ಏನೋ” ಎಂದೆ. “ನಾಳೆ ಸೀಯಿಸಬೇಡಿ ಅಂತ ಹೇಳೋಣಾಂದ್ರೆ ಅವ್ರು ಯಾರು ಅಂತ್ಲೇ ಗೊತ್ತಿಲ್ವಲ್ಲ” ಎಂದು ಅವಳು ನನ್ನ ಮುಖವನ್ನೇ ನೋಡಿದಳು. ನಾನು ಕೂಸಿನ ಕಡೆ ನೋಡಿದೆ. ಅದಕ್ಕೆ ನಮ್ಮಿಬ್ಬರ ಹಂಗೂ ಇರಲಿಲ್ಲ.

ಅಂದಿನಿಂದ ದಿನವೂ ಹಾಲು ಹೋಗುತ್ತಿದೆ. ಸುಲಭವೆಂದು ತಿಳಿಯಬೇಡಿ. ಇವತ್ತು ಬೇಕೆನಿಸಿದ್ದು ನಾಳೆಗೆ ಬರುವುದಿಲ್ಲ; ದಿನ ಬೆಳಗಾದರೆ ಬದುಕಿನ ಮೇಲೆ ಹೊಸದಾಗಿ ಆಸೆ ಹುಟ್ಟಿಸಿಕೊಂಡು, ಅದನ್ನು ತುಟಿಯವರೆಗೆ ತಂದು, ಕೆಳಗಿಡಬೇಕು. ಆದ್ದರಿಂದ ಮಧ್ಯಾಹ್ನಗಳಲ್ಲಿ ನಾನು ಈಗಲೂ ಚೆನ್ನಾಗಿ ಉಣ್ಣುತ್ತೇನೆ, ಹೋಟೆಲಿನಲ್ಲಿ ಬೆಣ್ಣೆ ಹೆಚ್ಚು ಹಾಕಿಸಿಕೊಳ್ಳುತ್ತೇನೆ. ನನಗೆ ಎರಡನೇ ಮದುವೆ ಗೊತ್ತಾಗಿದೆ ಎಂದು ಫಿಲೋಮಿನಮ್ಮ ಹೇಳುತ್ತಾಳೆ. ಹುಡುಗಿ ಯಾವ ಊರಿನವಳೆಂಬುದು ಮಾತ್ರ ಅವಳಿಗೆ ಇನ್ನೂ ಪತ್ತೆಯಾಗಿಲ್ಲ. ಕೆಳಕೇರಿಗೆ ಮತ್ತೆ ಹಾಲು ಬರತೊಡಗಿದ್ದು ಸಪ್ತಾಹದ ಫಲವೆಂದು ಸಮಿತಿ ಇನ್ನಾಸಪ್ಪನವರಿಗೆ ಶಾಲು ಹೊದಿಸಿತು. ನಾನೂ ಚಪ್ಪಾಳೆ ತಟ್ಟಿದೆ. “ಹೋಯ್ತಾ?” ಎಂದು ಬೆಳಿಗ್ಗೆ ಯಾರಾದರೂ ಕೇಳಿದರೆ, “ನಮ್ಮದೆಲ್ಲಿ ಹೋಗುತ್ತೆ ಬಿಡಿ, ಜಿಲೇಬಿ ತಿನ್ನೋರದು” ಎನ್ನುತ್ತೇನೆ. ಅವರಿಗೆ ಸಂತೋಷವಾಗುತ್ತದೆ. ಬೆಳಿಗ್ಗೆ ಎದ್ದು ಮೇಲುಕೇರಿಗೆ ಒಂದಿಷ್ಟು ಸಂತೋಷ ಕೊಡುವುದೂ ದಾನವೇ ಅಲ್ಲವೇ?

ಸಂಜೆ ಸಮಾಧಿಯ ಬಳಿ ಹೋಗುತ್ತೇನೆ. ನನಗಾಗಿ ಕೇಳಿಕೊಳ್ಳುವುದನ್ನು ಬಿಟ್ಟಿದ್ದೇನೆ, ಕೂಸಿಗೆ ಹಲ್ಲು ಬಂದು ಫಾದರ್ ಚೌರಪ್ಪನವರ ಮೀನು ತಿನ್ನುವವರೆಗೆ ನನಗೆ ಬಿಡುವಿಲ್ಲ. ಅವಳಿಗಾಗಿ ಮಾತ್ರ ಕೇಳುತ್ತೇನೆ. ಪ್ರಭುವೇ, ನಿಮ್ಮ ದಾಸಿ ಆರೋಗ್ಯಮ್ಮನ ಆತ್ಮಕ್ಕೆ ಶಾಂತಿಯನ್ನು ದಯಪಾಲಿಸಿ. ಅವಳು ಬಹಳ ದಣಿದಿದ್ದಾಳೆ, ದಣಿದಿದ್ದೇನೆಂದು ಅವಳಾಗಿ ಹೇಳುವವಳಲ್ಲ. ನಿಮ್ಮ ರಾಜ್ಯದಲ್ಲಿ ಕೆಳಕೇರಿ ಎಂಬುದಿಲ್ಲವೆಂದು ನಾನು ನಂಬಿದ್ದೇನೆ, ಮಕ್ಕಳಿಗೂ ಹಾಗೆಯೇ ಕಲಿಸಿದ್ದೇನೆ. ಅಕಸ್ಮಾತ್ ಇದ್ದರೆ, ಅದು ಅವಳ ಕಣ್ಣಿಗೆ ಬೀಳುವ ಮೊದಲು, ಸ್ವಲ್ಪ ಹೊತ್ತಾದರೂ ಅವಳನ್ನು ನಿಮ್ಮ ಬಳಿ ಕೂರಿಸಿಕೊಳ್ಳಿ. ಆಮೆನ್.